ಬ್ಯಾಣದ ವೈನಿನ ಫಜೀತಿಗಳು

ಬೇರೆಯವರ ಮನೆಯಲ್ಲಿ ವರ್ಷಕ್ಕೊಂದು ನಗುವ ಪ್ರಸಂಗ ನಡೆದರೆ ಅದನ್ನೇ ಹತ್ತು ಮದುವೆಮನೆಯಲ್ಲಿ ಹೇಳಿಕೊಂಡು ತಿರುಗುತ್ತಾರೆ. ನಮ್ಮ ಮನೆಯಲ್ಲಿ ಒಂದನ್ನು ಹೇಳಿ ಮುಗಿಸುವುದರೊಳಗೆ ಇನ್ನೊಂದು ನಡೆದುಹೋಗಿರುತ್ತದೆ. ಅದಕ್ಕೆಲ್ಲ ಕಾರಣ ಬೇರೆ ಎಂತದ್ದೂ ಅಲ್ಲ, ದ್ರಾಕ್ಷಿ.

ಕೋಲಸಿರ್ಸಿಯಿಂದ ಸ್ವಲ್ಪ ಮುಂದೆ, ಬಸ್ಸಿನ ರಸ್ತೆಗೆ ಕಾಣುವ ಹಾಗೆ ನಮ್ಮದೊಂದು ಬ್ಯಾಣ ಇದೆ. ಬ್ಯಾಣ ಅಂದರೆ ಹುಲ್ಲು ಬೆಳೆಯುವ ದಿಬ್ಬದ ಜಾಗ. ಬುದ್ಧಿ ಇದ್ದವರು ಅಂಥ ಜಾಗದಲ್ಲಿ ಅನಾನಸು ಹಾಕುತ್ತಾರೆ, ಗೇರು ಹಾಕುತ್ತಾರೆ. ನಮ್ಮನೆಯವರು ದ್ರಾಕ್ಷಿ ಹಾಕಿದರು. ಅದೂ ತಿನ್ನುವ ದ್ರಾಕ್ಷಿ ಅಲ್ಲ, ವೈನ್ ಮಾಡುವ ದ್ರಾಕ್ಷಿ. ಫೋನಿನಲ್ಲಿ ಯಾವುದೋ ಚಳಿದೇಶದವರು ಹಿಮ ಬೀಳುವ ಗುಡ್ಡದಲ್ಲಿ ವೈನ್ ದ್ರಾಕ್ಷಿ ಬೆಳೆಯುವುದನ್ನು ನೋಡಿದರಂತೆ. "ಅಲ್ಲಿ ಹಿಮದಲ್ಲಿ ಬೆಳೀತ ಅಂದ್ರೆ ನಮ್ಮ ಮಳೆಯಲ್ಲಿ ಎಂತಕೆ ಆಗ್ತಿಲ್ಲೆ? ಎರಡೂ ನೀರೇ ಅಲ್ದಾ?" ಅಂದರು. ಇವರ ಲೆಕ್ಕಾಚಾರ ಯಾವತ್ತೂ ಹೀಗೆಯೇ.

ಬ್ಯಾಣದ ಪಹಣಿ ಅತ್ತೆಯ ಹೆಸರಲ್ಲಿ, ಯಜಮಾನಿಕೆ ಭಾವನದ್ದು ಅಂದರೆ ನಮ್ಮನೆಯವರ ಅಣ್ಣನದ್ದು, ಬಳ್ಳಿ ನಮ್ಮನೆಯವರದ್ದು, ಬೈಗಳು ನನ್ನದು. ಭಾವ ಮೊದಲೇ ಹೇಳಿಬಿಟ್ಟಿದ್ದರು: "ಮೊದಲ್ನೇ ಸಲ ಮಾಡಿದ ವೈನು ಯಾರಾದ್ರೂ ತಗಂಡ್ರೆ ಸರಿ. ಇಲ್ದೇ ಹೋದ್ರೆ ಬಳ್ಳಿ ಕಿತ್ತು ಶುಂಠಿಗೆ ಕೊಡ್ತೆ." ಬನವಾಸಿ ಕಡೆಯ ಒಬ್ಬರು ಶುಂಠಿ ಹಾಕಲು ಜಾಗ ಹುಡುಕುತ್ತ ನಮ್ಮ ಜಗಲಿಗೆ ಆಗಾಗ ಬಂದು ಕೂತು ಹೋಗುತ್ತಿದ್ದರು. ಅವರು ಬಂದಾಗಲೆಲ್ಲ ನಮ್ಮನೆಯವರ ಮುಖ ಬಾಡುತ್ತಿತ್ತು. ಹೀಗೆ ಕತ್ತಿಯ ಕೆಳಗೆ ಕುತ್ತಿಗೆ ಇಟ್ಟುಕೊಂಡು ನಾವು ಮಾಡಿದ ಕೆಲಸದಲ್ಲಿ ನಡೆದದ್ದಿಷ್ಟು.

೧. ಫ್ರಾನ್ಸಿನವರ ಕೊಳೆರೋಗ

ಮೊದಲ ಮಳೆಗಾಲಕ್ಕೇ ಎಲೆಯ ಮೇಲೆಲ್ಲ ಮಚ್ಚೆ. ನಮ್ಮನೆಯವರು ವಿಜಯಪುರ ಕಡೆಯ ದ್ರಾಕ್ಷಿ ತಜ್ಞರೊಬ್ಬರನ್ನು ಕರೆಸಿದರು. ಅವರು ಕೊಡೆ ಹಿಡಿದು, ಕಾಲಿಗೆ ಕಚ್ಚಿದ ಇಂಬಳ ಕಿತ್ತು ಬಿಸಾಡುತ್ತ, ಅಂತೂ ಬಳ್ಳಿ ನೋಡಿದರು.

"ಇದಕ್ಕ ಬೋರ್ಡೋ ದ್ರಾವಣ ಹೊಡೀಬೇಕ್ರಿ" ಅಂದರು. "ಮೈಲುತುತ್ತ, ಸುಣ್ಣ, ಬ್ಯಾರೆ ಬ್ಯಾರೆ ಕರಗಸಬೇಕು..."

ಭಾವ ಎಲೆಯಡಿಕೆಯ ಕವಳ ಹಾಕಿದ ಬಾಯಲ್ಲೇ ನಕ್ಕರು. ಹುಟ್ಟಿದಾಗಿನಿಂದ ಅಡಿಕೆಯ ಕೊಳೆರೋಗಕ್ಕೆ ಅದನ್ನೇ ಕಲಸಿ ಕೈ ನೀಲಿ ಮಾಡಿಕೊಂಡವರಿಗೆ ಪಾಠ ಹೇಳುವುದೇ! "ಅದು ಎಂಗಳ ಅಡಿಕೆ ಔಷಧಿ ಮಾರಾಯ್ರೆ. ದ್ರಾಕ್ಷಿಗೂ ಆಗ್ತನ?"

"ಅಲ್ರೀ, ಹುಟ್ಟಿದ್ದ ದ್ರಾಕ್ಷಿ ಸಲುವಾಗಿ. ಬೋರ್ಡೋ ಅನ್ನೂದು ಫ್ರಾನ್ಸಿನಾಗ ಒಂದ ಊರು. ಅಲ್ಲಿ ದ್ರಾಕ್ಷಿಗೆ ರೋಗ ಬಂದಾಗ ಹೊಡದ್ರು. ನಿಮ್ಮ ಅಡಿಕಿಗೆ ಬಂದಿದ್ದು ಆಮ್ಯಾಲ."

ಭಾವನ ಬಾಯಲ್ಲಿದ್ದ ಕವಳ ಅಲ್ಲೇ ನಿಂತಿತು. ಇಷ್ಟು ವರ್ಷ ಅವರು ಕೊಳೆಯನ್ನೂ ಔಷಧಿಯನ್ನೂ ದೇವರು ನಮ್ಮ ಸೀಮೆಗೆ ಮಾತ್ರ ಕೊಟ್ಟಿದ್ದಾನೆ ಅಂದುಕೊಂಡಿದ್ದರು. ಎದ್ದು ಹೋಗಿ ಉಗುಳಿ ಬಂದು, ಬಹಳ ಮೆತ್ತಗೆ ಕೇಳಿದರು: "ಹಂಗಾರೆ ಅಲ್ಲೂ ಕೊಳೆ ಬತ್ತು?"

"ಬರ್ತದ್ರಿ. ಜೋರ್ ಬರ್ತದ."

"ಪಾಪ" ಅಂದರು ಭಾವ. ಮನಸ್ಸಿನಿಂದಲೇ ಅಂದರು. "ಅಲ್ಲಿ ಕೊನೆಗೌಡ ಸಿಗ್ತ್ನಾ?"

ಮರ ಹತ್ತಿ ಔಷಧಿ ಹೊಡೆಯುವವನಿಗೆ ನಮ್ಮಲ್ಲಿ ಕೊನೆಗೌಡ ಅನ್ನುತ್ತಾರೆ, ಮಳೆಗಾಲದಲ್ಲಿ ಅವನು ಸಿಗುವುದು ಮಂತ್ರಿಗಳು ಸಿಗುವುದಕ್ಕಿಂತ ಕಷ್ಟ ಎಂದು ನಾನು ತಜ್ಞರಿಗೆ ಬಿಡಿಸಿ ಹೇಳಿದೆ. ಅವರು ನಕ್ಕುಬಿಟ್ಟರು. "ಹತ್ತೂದೇನ್ ಬಂತ್ರಿ? ಬಳ್ಳಿ ಎದಿ ಮಟ್ಟ ಇರ್ತಾವ. ಅವರು ನೆಲದ ಮ್ಯಾಲ ನಿಂತ ಹೊಡೀತಾರ."

ಭಾವನ ಮುಖದ ಮೇಲಿದ್ದ ಕರುಣೆಯೆಲ್ಲ ಒಂದು ಕ್ಷಣದಲ್ಲಿ ಇಳಿದುಹೋಯಿತು.

"ನೆಲದ ಮೇಲೆ ನಿಂತು ಹೊಡೆಯಲೆ ಬಪ್ಪದಾದ್ರೆ" ಎಂದು ಕೊಡೆ ಬಿಚ್ಚಿಕೊಂಡು ಎದ್ದರು, "ಅದೂ ಒಂದು ಕೊಳೆಯನ!"

೨. ಹರಕೆಯ ಬಳ್ಳಿ

ಅಂತೂ ಗೊನೆ ಬಿಟ್ಟಿತು. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಸರಿಯಾಗಿ, ಬರಬಾರದ ಕಾಲದಲ್ಲಿ ಮೋಡ ಕಟ್ಟಿತು. ನಮ್ಮನೆಯವರಿಗೆ ಕೈಕಾಲು ಆಡಲಿಲ್ಲ. ಕೊನೆಗೌಡನಿಗೆ ಫೋನ್ ಮಾಡಿ, "ಮಾರಾಯ, ಮಳೆ ಬತ್ತು. ಗೊನೆ ನೆನೆಯದಿದ್ದ ಹಾಂಗೆ ಏನಾದ್ರೂ ಮಾಡು" ಎಂದು ಹೇಳಿ, ತಾವು ತಾಡಪಾಲು ತರಲು ಸಿದ್ದಾಪುರಕ್ಕೆ ಬೈಕ್ ಹತ್ತಿದರು.

ಗೊನೆ ನೆನೆಯಬಾರದು ಅಂದರೆ ಕೊನೆಗೌಡನಿಗೆ ಗೊತ್ತಿರುವುದು ಒಂದೇ ದಾರಿ, ಕೊಟ್ಟೆ ಕಟ್ಟುವುದು. ಅಡಿಕೆ ಗೊನೆಗೆ ಮಳೆ ತಾಗದಂತೆ ಕಟ್ಟುವ ದೊಡ್ಡ ಪ್ಲಾಸ್ಟಿಕ್ ಚೀಲ ಅದು. ನಾನು ಬಟ್ಟೆ ಒಣಹಾಕಿ ಬರುವುದರೊಳಗೆ ಅವನೂ ಅವನ ತಮ್ಮನೂ ಸೇರಿ ಅರ್ಧ ಬ್ಯಾಣಕ್ಕೆ ಕಟ್ಟಿ ಮುಗಿಸಿದ್ದರು. ಒಂದೊಂದು ಹಿಡಿ ದ್ರಾಕ್ಷಿಗೊನೆ, ಅದರ ಮೇಲೆ ಮಗುವಿಗೆ ಅಜ್ಜನ ಕೋಟು ತೊಡಿಸಿದ ಹಾಗೆ ಒಂದೊಂದು ಕೊಟ್ಟೆ. ಗಾಳಿಗೆ ಇಡೀ ಬ್ಯಾಣ ಪಟಪಟ ಅನ್ನುತ್ತಿತ್ತು.

"ಇದೆಂತದೋ ಮಾಡಿದ್ದು?" ಅಂದೆ.

"ಅಮ್ಮಾ, ಬೈಬೇಡಿ" ಅಂದ ಅವನು, ಸೊಂಟ ಹಿಡಿದುಕೊಂಡು. "ಇಷ್ಟು ತಗ್ಗಿನಲ್ಲಿ ನಾನು ಜನ್ಮದಲ್ಲಿ ಕಟ್ಟಿದ್ದಿಲ್ಲ. ಬಗ್ಗಿ ಬಗ್ಗಿ ಜೀವ ಹೋಯ್ತು. ಇದರ ಬದಲು ಎರಡು ತೋಟ ಹತ್ತಿ ಇಳೀತಿದ್ದೆ."

ಮಳೆ ಒಂದು ಹನಿಯೂ ಬರಲಿಲ್ಲ. ಜನ ಬಂದರು. ಬಸ್ಸು ನಮ್ಮ ಬ್ಯಾಣದ ಹತ್ತಿರ ನಿಧಾನ ಆಗತೊಡಗಿತು. ಮರುದಿನ ಒಬ್ಬ ಹೆಂಗಸು ಇಳಿದೇಬಿಟ್ಟಳು. ಕೈಮುಗಿದುಕೊಂಡು, "ಯಾವ ದೇವರ ಹರಕೆ ಅಮ್ಮಾ ಇದು? ಭಾರಿ ಜನ ಕಟ್ಟಿದಾರೆ" ಅಂದಳು. ಮಗಳಿಗೆ ಗಂಡು ಕೂಡಿಬರುತ್ತಿಲ್ಲವಂತೆ. ಇದು ದ್ರಾಕ್ಷಿ, ವೈನು ಎಂದೆಲ್ಲ ನಾನು ಹೇಳಿದ್ದು ಅವಳ ಕಿವಿಗೆ ಹೋಗಲೇ ಇಲ್ಲ. ತನ್ನ ಬ್ಯಾಗಿನಲ್ಲಿದ್ದ ಸಿರ್ಸಿಯ ಬಟ್ಟೆ ಅಂಗಡಿಯ ಚೀಲವೊಂದನ್ನು ತೆಗೆದು, ಕಣ್ಣುಮುಚ್ಚಿ ಬೇಡಿಕೊಂಡು, ಕಟ್ಟಿ ಹೋದಳು.

ನಂಬಿದರೆ ನಂಬಿ, ವಾರ ಕಳೆಯುವುದರೊಳಗೆ ತೆಂಗಿನಕಾಯಿ ಹಿಡಿದು ಬಂದಳು. ಗಂಡು ನಿಶ್ಚಯವಾಯಿತಂತೆ. ಬಳ್ಳಿಯ ಬುಡದಲ್ಲಿ ಕಾಯಿ ಒಡೆದು, ಅರ್ಧ ನಮಗೇ ಪ್ರಸಾದ ಕೊಟ್ಟಳು. ನಮ್ಮನೆಯವರು ಸಿಟ್ಟಿನಿಂದ ಕೊಟ್ಟೆ ಬಿಚ್ಚುತ್ತಿದ್ದರೆ, ಭಾವ ಮಾತ್ರ ಮೊದಲ ಸಲ ಆ ಬಳ್ಳಿಗಳನ್ನು ಪ್ರೀತಿಯಿಂದ ನೋಡಿದರು.

"ತಮಾ, ಬಿಚ್ಚಡ" ಅಂದರು. "ಒಂದು ಹುಂಡಿ ಇಟ್ಟು ನೋಡನ."

೩. ಟ್ಯಾಂಕಿಗೆ ಜ್ವರ

ದ್ರಾಕ್ಷಿ ಕೊಯ್ದು, ಹಿಂಡಿ, ರಸ ಟ್ಯಾಂಕಿಗೆ ಹಾಕಿದ್ದಾಯಿತು. ಐದು ಸಣ್ಣ ಸ್ಟೀಲ್ ಟ್ಯಾಂಕು, ಬೇರೆ ಬೇರೆ ಸಾಲಿನ ಹಣ್ಣಿಗೆ ಬೇರೆ ಬೇರೆ. ರಸ ಹುದುಗು ಬರುವಾಗ ಬಿಸಿಯಾಗುತ್ತದೆ, ಬಿಸಿ ಏರಿದರೆ ವೈನು ಕೆಟ್ಟಿತು. ಚಳಿದೇಶದವರಿಗೆ ಆ ಚಿಂತೆ ಇಲ್ಲ, ಕಿಟಕಿ ತೆಗೆದರೆ ಸಾಕು. ನಮ್ಮನೆಯವರು ಗೋಣಿಚೀಲ ಒದ್ದೆ ಮಾಡಿ ಟ್ಯಾಂಕಿಗೆ ಸುತ್ತಿ, ಗಳಿಗೆಗೊಮ್ಮೆ ಥರ್ಮಾಮೀಟರ್ ಹಾಕಿ ನೋಡುತ್ತಿದ್ದರು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ, ಬಾಗಿಲು ದಢಾರನೆ ಹಾಕುವ ಹಾಗಿಲ್ಲ. ವೈನಿಗೆ ಕಿವಿ ಇದೆಯೋ ಎಂದು ನಾನು ಕೇಳಿದ್ದಕ್ಕೆ ಒಂದು ದಿನ ಮಾತು ಬಿಟ್ಟರು.

ಅಂಥ ಹೊತ್ತಿನಲ್ಲಿ ಪಕ್ಕದ ಮನೆಯ ಅತ್ತಿಗೆ ಮೊಸರಿಗೆ ಹೆಪ್ಪು ಕೇಳಲು ಬಂದರು. ಮನೆ ಪೂರ್ತಿ ಸದ್ದಿಲ್ಲ. ನಮ್ಮನೆಯವರು ಒಳಕೋಣೆಯಿಂದ ಒದ್ದೆಬಟ್ಟೆ, ಥರ್ಮಾಮೀಟರ್ ಹಿಡಿದು ಹೊರಗೆ ಬಂದರು. ಎರಡು ದಿನ ನಿದ್ದೆ ಇಲ್ಲದೆ ಕಣ್ಣು ಕೆಂಪು.

"ಹ್ಯಾಂಗಿದ್ದು?" ಅಂದರು ಅತ್ತಿಗೆ, ಪಿಸುದನಿಯಲ್ಲಿ.

"ನಿನ್ನೆ ಭಾರಿ ಏರಿತ್ತು. ಇವತ್ತು ಅಡ್ಡಿಲ್ಲೆ, ಇಳೀತಾ ಇದ್ದು" ಅಂದರು ಇವರು. "ಆದ್ರೂ ಒಳಗೆ ಗುಳುಗುಳು ಹೇಳ್ತಾ ಇದ್ದು. ಇನ್ನೆರಡು ದಿನ ಕಳೆದ್ರೆ ಬಚಾವು."

ಅತ್ತಿಗೆ ಹೆಪ್ಪನ್ನೂ ತೆಗೆದುಕೊಳ್ಳದೆ ಕಣ್ಣು ಒರೆಸಿಕೊಂಡು ಹೋದರು.

ಮರುದಿನ ಬೆಳಿಗ್ಗೆಯಿಂದ ನೆಂಟರ ಸಾಲು! ಬಿಳಗಿಯಿಂದ ಅತ್ತೆಯ ತಂಗಿ ಎಳನೀರು ಹೊತ್ತುಕೊಂಡು, ಸಿದ್ದಾಪುರದಿಂದ ಸೋದರಮಾವನ ಮಗ ಬ್ರೆಡ್ಡು ಬಾಳೆಹಣ್ಣು ಹಿಡಿದುಕೊಂಡು. ಎಲ್ಲರೂ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಗದಂತೆ ಬಿಟ್ಟು, ಮುಖ ಸಣ್ಣ ಮಾಡಿಕೊಂಡು ಬಂದರು. ಬಂದವರಿಗೆ ಬಾಗಿಲು ತೆಗೆದವರು ಅತ್ತೆಯೇ, ಕೈಯಲ್ಲಿ ಕತ್ತಿ, ಹಲಸಿನಕಾಯಿ ಕೊಚ್ಚುವುದನ್ನು ಅರ್ಧಕ್ಕೆ ಬಿಟ್ಟು.

ಅತ್ತೆಯ ತಂಗಿ ಎಳನೀರು ಕೆಳಗೆ ಹಾಕಿ, "ಅಕ್ಕಾ! ನೀ ಗಟ್ಟಿ ಇದ್ದೆಯ?" ಎಂದು ಅಳತೊಡಗಿದರು.

"ಎಂಗೆ ಎಂತ ಆಯ್ದು?" ಎಂದು ಅತ್ತೆ ರೇಗಿದರು. ವಿಷಯ ಗೊತ್ತಾಗಿ ಎಲ್ಲರೂ ನಕ್ಕು ನಕ್ಕು ಸುಸ್ತಾದರು. ಅತ್ತೆ ಮಾತ್ರ ಎಳನೀರು, ಬ್ರೆಡ್ಡು, ಬಾಳೆಹಣ್ಣು ಎಲ್ಲವನ್ನೂ ಒಂದೊಂದಾಗಿ ಒಳಗೆ ಸಾಗಿಸಿ, ಎಲ್ಲರೆದುರು ಇವರಿಗೆ ಅಂದರು:

"ಆನು ಕಳೆದ ವರ್ಷ ನಿಜವಾಗಿ ಜ್ವರ ಬಂದು ಮಲಗಿದಾಗ ಒಬ್ರೂ ನೋಡಲೆ ಬೈಂದ್ವಿಲ್ಲೆ. ಮುಂದಿನ ಸಲ ಎಂಗೆ ಜ್ವರ ಬಂದ್ರೆ ಟ್ಯಾಂಕಿಗೆ ಬಂತು ಹೇಳೇ ಸುದ್ದಿ ಕಳ್ಸು ತಮಾ."

೪. ಮುಟ್ಟದವರ ಅಭಿಪ್ರಾಯ

ವೈನು ಆಯಿತು, ಸರಿ. ಚೆನ್ನಾಗಿದೆಯೋ ಇಲ್ಲವೋ ಹೇಳುವವರು ಯಾರು? ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಅತ್ತೆಗೆ ಬಾಣಂತನದಲ್ಲಿ ದ್ರಾಕ್ಷಾರಿಷ್ಟ ಕೊಟ್ಟದ್ದು ಬಿಟ್ಟರೆ ಈ ವಿಷಯದಲ್ಲಿ ನಮ್ಮ ಮನೆತನಕ್ಕೆ ಅನುಭವವೇ ಇಲ್ಲ. ಅತ್ತೆ ಊರಿಗೆಲ್ಲ "ಎಂಗಳ ಮನೇಲಿ ಅರಿಷ್ಟ ಮಾಡ್ತ" ಅಂತಲೇ ಹೇಳಿಕೊಂಡು ಬಂದಿದ್ದರು.

ಸಿದ್ದಾಪುರದಲ್ಲಿ ಒಬ್ಬರು ನಿವೃತ್ತ ಅಧಿಕಾರಿ ಇದ್ದಾರೆ. ಇಂಥದರಲ್ಲಿ ಅವರಿಗೆ ಒಳ್ಳೆಯ ತಿಳುವಳಿಕೆ ಎಂದು ಊರಿಗೆಲ್ಲ ಗೊತ್ತು, ಅವರ ಹೆಂಡತಿಗೊಬ್ಬರಿಗೆ ಗೊತ್ತಿಲ್ಲ. ಚಾದ ಥರ್ಮಾಸಿನಲ್ಲಿ ವೈನ್ ತುಂಬಿಕೊಂಡು ನಾವಿಬ್ಬರೂ ಹೋದೆವು.

"ಛೇ ಛೇ!" ಅಂದರು ಅವರು, ಹೆಂಡತಿ ಅಲ್ಲೇ ಚಾದ ತಟ್ಟೆ ಹಿಡಿದು ನಿಂತಿದ್ದರು. "ಆನು ಅದನ್ನು ಮುಟ್ಟದೇ ಇಲ್ಲೆ."

ಹೆಂಡತಿಯ ಮುಖದಲ್ಲಿ ಎಂಥ ಹೆಮ್ಮೆ!

"ಬರೀ ವಾಸನೆ ನೋಡಿ ಸಾಕು" ಅಂದರು ನಮ್ಮನೆಯವರು. ವಾಸನೆ ನೋಡಿದರು. ಆಮೇಲೆ "ನಿಂಗಳ ಒತ್ತಾಯಕ್ಕೆ" ಎಂದು ಒಂದು ಗುಟುಕು. ನಾವು ಒತ್ತಾಯವನ್ನೇ ಮಾಡಿರಲಿಲ್ಲ. ಕಣ್ಣು ಮುಚ್ಚಿದರು. ಮುಚ್ಚಿದ್ದೇ ಎಡವಟ್ಟಾಯಿತು, ಎದುರಿಗೆ ಯಾರಿದ್ದಾರೆ ಎನ್ನುವುದು ಮರೆತುಹೋಯಿತು.

"ಅಹಹ... ಹುಳಿ ಸ್ವಲ್ಪ ಮುಂದೆ ಬತ್ತು. ಆದ್ರೆ ಕಾರವಾರದಲ್ಲಿದ್ದಾಗ ವಾರವಾರ ತರಿಸ್ತಿದ್ದಕ್ಕಿಂತ ಮೆದು. ಗೋವಾದ್ದರ ಪಕ್ಕ ಇಟ್ರೂ ಸೋಲ್ತಿಲ್ಲೆ. ಹೋದ ತಿಂಗಳು ಹುಬ್ಬಳ್ಳಿ ಮದುವೇಲಿ ಕೊಟ್ಟಿದ್ದ ಅಲ್ದಾ, ಅದಂತೂ ಇದರ ಮುಂದೆ ಬರೀ ನೀರು..."

ಚಾದ ತಟ್ಟೆ ಟೇಬಲ್ಲಿನ ಮೇಲೆ ಕೂತ ಸದ್ದಿಗೆ ಅವರ ಕಣ್ಣು ತೆರೆಯಿತು.

"ಹುಬ್ಬಳ್ಳಿಯಲ್ಲಿ ಹೊಟ್ಟೆ ಸರಿ ಇಲ್ಲೆ ಹೇಳಿ ರೂಮಿನಲ್ಲಿ ಮಲಗಿದ್ರಲೆ?" ಅಂದರು ಹೆಂಡತಿ.

ನಾವು ಥರ್ಮಾಸನ್ನೂ ಬಿಟ್ಟು ಓಡಿಬಂದೆವು. ನಾಲ್ಕು ದಿನ ಬಿಟ್ಟು ಆ ಹೆಂಡತಿಯೇ ಅದನ್ನು ತೊಳೆದು, ಒರೆಸಿ, ಮನೆತನಕ ತಂದುಕೊಟ್ಟರು. ನಾನು ತಲೆ ತಗ್ಗಿಸಿ ನಿಂತೆ.

"ನೋಡು ತಂಗಿ, ಇನ್ನು ಮೇಲೆ ಎಂಗಳ ಮನೆಯವಕ್ಕೆ ಕೊಡಡಿ" ಅಂದರು ಗಂಭೀರವಾಗಿ. ಹೊರಟವರು ಗೇಟಿನ ಹತ್ತಿರ ತಿರುಗಿ ನಿಂತರು. "ಹುಳಿ ಗಿಳಿ ಎಂತದೂ ಇಲ್ಲೆ, ಅವಕ್ಕೆ ಎಂತದೂ ಗೊತ್ತಾಗ್ತಿಲ್ಲೆ. ಉಳಿದಿದ್ದು ಆನು ನೋಡಿದೆ. ಒಳ್ಳೇದಾಯ್ದು."

೫. ಉಗುಳಿದ್ದು, ನುಂಗಿದ್ದು

ಕಡೆಗೂ ಆ ದಿನ ಬಂತು. ಯಲ್ಲಾಪುರ ಕಡೆ ಹೊಸದಾಗಿ ರೆಸಾರ್ಟ್ ಮಾಡಿದವರು ವೈನಿನ ರುಚಿ ನೋಡಲು ತಮ್ಮ ಮನುಷ್ಯನನ್ನು ಕಳಿಸಿದರು. ಹುಬ್ಬಳ್ಳಿಯ ಯುವಕ, ಇಸ್ತ್ರಿ ಮಾಡಿದ ಅಂಗಿ, ಮಾತು ಬಹಳ ಕಡಿಮೆ. ಭಾವ ಬೇಕೆಂತಲೇ ಅದೇ ದಿನ ಶುಂಠಿಯವರನ್ನೂ ಬರಹೇಳಿದ್ದರು. ಒಪ್ಪಿದರೆ ಬಳ್ಳಿ, ಒಪ್ಪದಿದ್ದರೆ ಶುಂಠಿ, ಒಂದೇ ಸಲಕ್ಕೆ ಮುಗಿದುಹೋಗಲಿ ಎಂದು. ಜಗಲಿಯ ಈ ತುದಿಗೆ ಯುವಕ, ಆ ತುದಿಗೆ ಶುಂಠಿಯವರು, ನಡುವೆ ಕಂಬಕ್ಕೆ ಒರಗಿ ಅತ್ತೆ. ಐದು ಟ್ಯಾಂಕಿನದ್ದು ಐದು ಗಾಜಿನ ಲೋಟದಲ್ಲಿ ನಾನೇ ಸುರಿದಿಟ್ಟೆ.

"ಉಗುಳೋಕೆ ಏನಾದರೂ ಪಾತ್ರೆ ಕೊಡ್ತೀರಾ?" ಅಂದ ಯುವಕ.

ಅತ್ತೆಗೆ ಖುಷಿಯೋ ಖುಷಿ. "ಕವಳ ಹಾಕ್ತ ಕಾಣ್ತು! ಎಂಗಳವರ ಹಾಂಗೇ ಇದ್ದ" ಎಂದು ಒಳಗೆ ಹೋಗಿ, ಮಾವನ ಕಾಲದ ಹಿತ್ತಾಳೆ ಪೀಕದಾನಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ ತಂದು ಅವನ ಕಾಲ ಹತ್ತಿರ ಇಟ್ಟರು.

ಅವನು ಮೊದಲ ಲೋಟ ಎತ್ತಿದ. ತಿರುಗಿಸಿದ. ಮೂಗು ಒಳಗೆ ಹಾಕಿ ಮೂಸಿದ. ಒಂದು ಗುಟುಕು ಬಾಯಿಗೆ ಹಾಕಿ, ಬೆಳಿಗ್ಗೆ ಹಲ್ಲುಜ್ಜಿ ಮುಕ್ಕಳಿಸುವ ಹಾಗೆ ಗಳಗಳ ಮಾಡಿ, ಪೀಕದಾನಿಗೆ ಉಗುಳಿದ.

ವೈನಿನ ರುಚಿ ನೋಡುವವರು ಉಗುಳುತ್ತಾರೆ ಎಂದು ನಮ್ಮಿಬ್ಬರಿಗೆ ಗೊತ್ತಿತ್ತು. ಉಳಿದವರಿಗೆ ಹೇಳಲು ಮರೆತಿದ್ದೆವು. ಭಾವ ನಿಧಾನಕ್ಕೆ ಶುಂಠಿಯವರ ಕಡೆ ತಿರುಗಿ ತಲೆ ಆಡಿಸಿದರು. ಶುಂಠಿಯವರು ಕಿಸೆಯಿಂದ ಅಳತೆ ಟೇಪು ತೆಗೆದರು.

"ಅದು ಹಾಂಗೇಯ ಆಯಿ" ಎಂದು ನಮ್ಮನೆಯವರು ಅತ್ತೆಯ ಕಿವಿಯಲ್ಲಿ ಅಂದರು. "ದೊಡ್ಡ ದೊಡ್ಡವೆಲ್ಲ ಉಗುಳೇ ನೋಡದು."

"ದೊಡ್ಡವು ಉಗುಳಿದ್ರೆ ಅದು ಉಗುಳಿದಾಂಗೆ ಅಲ್ದಾ?" ಅಂದರು ಅತ್ತೆ, ಕಿವಿಯಲ್ಲಲ್ಲ, ಎಲ್ಲರಿಗೂ ಕೇಳುವ ಹಾಗೆ.

ಎರಡನೇ ಲೋಟ. ಗಳಗಳ, ಥೂ. ಮೂರನೇದು. ಗಳಗಳ, ಥೂ. "ಭೂಮಿ ನೋಡ್ಕೊಂಡ ಬರ್ತೇನ್ರಿ" ಎಂದು ಶುಂಠಿಯವರು ಚಪ್ಪಲಿ ಮೆಟ್ಟಿ ಬ್ಯಾಣ ಹತ್ತಿದರು. ನಾಲ್ಕನೇದು, ಐದನೇದೂ ಪೀಕದಾನಿಗೆ ಹೋದವು. ಯುವಕನ ಮುಖ ನೋಡಿದರೆ ಹೌದೂ ಇಲ್ಲ, ಅಲ್ಲವೂ ಇಲ್ಲ. "ಯೋಚನೆ ಮಾಡಬೇಕು" ಅಂದ. ನನಗೆ ಅಳುವೇ ಬಂತು. ಬಳ್ಳಿಗೆ ದಿನಾ ಬೈದದ್ದು ಬೈದೆ, ಆದರೆ ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕಿದ್ದೂ ನಾನೇ ಅಲ್ಲವೇ? ಮೇಲೆ ಬ್ಯಾಣದಲ್ಲಿ ಟೇಪು ಬಿಸಿಲಿಗೆ ಮಿಂಚುತ್ತಿತ್ತು.

ಆಗ ಅತ್ತೆ ಎದ್ದು ಸೆರಗು ಸಿಕ್ಕಿಸಿಕೊಂಡರು.

"ನೋಡು ತಮಾ" ಅಂದರು ಯುವಕನಿಗೆ. "ಆನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ಎಷ್ಟೋ ಜನಕ್ಕೆ ಬಡಿಸಿದ್ದೆ. ಒಳ್ಳೇದಿದ್ರೆ ಹೊಗಳಿದ್ದ. ಇಲ್ಲದಿದ್ರೆ ಸುಮ್ಮನೆ ನುಂಗಿಕ್ಕಿ ಹೋಯ್ದ. ಉಗುಳಿದವು ಒಬ್ರೂ ಇಲ್ಲೆ. ಕೊಡು ಇಲ್ಲಿ!"

ಅವನು "ಅಜ್ಜಿ, ಅಜ್ಜಿ" ಅನ್ನುತ್ತಿದ್ದ ಹಾಗೆಯೇ ಮೊದಲ ಲೋಟ ಎತ್ತಿ, ಒಂದೇ ಗುಟುಕಿಗೆ ಖಾಲಿ ಮಾಡಿ, ಅವನ ಮುಖದೆದುರು ಬಾಯಿ ತೆರೆದು ತೋರಿಸಿದರು. "ನೋಡ್ದ್ಯ? ಹಿಂಗೆ ನುಂಗವು!"

ಎರಡನೇದನ್ನೂ ಎತ್ತಿದರು. "ಆಯಿ!" ಎಂದು ಭಾವ ಎದ್ದು ಬಂದರೆ, "ಕೂತ್ಕ ಮಾಣಿ" ಅಂದರು. ಮೊಮ್ಮಕ್ಕಳಿರುವ ಭಾವ ಕೂತರು. ಮೂರನೇದನ್ನೂ ಕುಡಿದರು. ತುಟಿ ಸವರಿಕೊಂಡರು. ನನ್ನತ್ತ ಲೋಟ ಚಾಚಿದರು. "ಕೂಸೇ, ಇದು ಅಡ್ಡಿಲ್ಲೆ. ಇನ್ನೊಂದ್ಚೂರು ಹಾಕು." ಹಾಕಿದೆ. ಆಮೇಲೆ ನಾಲ್ಕನೇದು, ಐದನೇದು, ಮತ್ತೆ ಯಾರೂ ಹೇಳದೆ ಇನ್ನೊಂದು ಮೂರನೇದು.

ಶುಂಠಿಯವರು ಇಳಿದು ಬಂದದ್ದು ಆಗಲೇ. "ಜಾಗಾ ಭಾಳ ಛಲೋ ಐತ್ರಿ, ನಾಳೆನ ಬಳ್ಳಿ ತೆಗಸೂಣು" ಅಂದರು ಭಾವನಿಗೆ.

"ಏ, ಇಲ್ಲಿ ಬಾ" ಅಂದರು ಅತ್ತೆ. ಕೆನ್ನೆ ಕೆಂಪು, ಕಣ್ಣಲ್ಲಿ ಹೊಳಪು, ಒಂದು ಕೈ ಕಂಬಕ್ಕೆ. ಕಂಬ ಬಿಟ್ಟರೆ ಮನೆ ಬೀಳುತ್ತದೆ ಅನ್ನುವ ಹಾಗೆ ಹಿಡಿದಿದ್ದರು. "ಜಾಗ ಯಾರದ್ದು?"

"ನಿಮ್ದ ರೀ ಅಮ್ಮಾರ."

"ಎನ್ನದು. ಶುಂಠಿ ಆನು ಕಷಾಯಕ್ಕೆ ಹಾಕ್ತೆ. ಬ್ಯಾಣಕ್ಕೆ ಹಾಕ್ತ್ನಿಲ್ಲೆ!" ಎಂದು ಹೇಳಿ, ತಮ್ಮ ಮಾತಿಗೆ ತಾವೇ ನಗತೊಡಗಿದರು. ನಕ್ಕರು ನಕ್ಕರು, ನಿಲ್ಲಲೇ ಇಲ್ಲ. ಅತ್ತೆ ಹಾಗೆ ನಕ್ಕದ್ದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. ನಾನೂ ನಕ್ಕೆ, ನಮ್ಮನೆಯವರೂ ನಕ್ಕರು, ಶುಂಠಿಯವರು ಟೇಪು ಸುತ್ತಿಕೊಳ್ಳುತ್ತ ತಾವೂ ನಕ್ಕರು. ಭಾವ ಕೂಡ ಕಡೆಗೆ ಮುಖ ಆಚೆ ಮಾಡಿಕೊಂಡು ಹೊಟ್ಟೆ ಕುಲುಕಿಸಿದರು.

ಯುವಕ ಮಾತ್ರ ಮೂರನೇ ಟ್ಯಾಂಕಿನದ್ದನ್ನು ಇನ್ನೊಮ್ಮೆ ಸುರಿಸಿಕೊಂಡ. ಈ ಸಲ ಗಳಗಳ ಇಲ್ಲ, ಥೂ ಇಲ್ಲ. ಅತ್ತೆಯನ್ನೇ ನೋಡುತ್ತ ನುಂಗಿದ.

"ಅಜ್ಜಿ ಹೇಳಿದ್ದು ಸರಿ" ಅಂದ. "ಈ ಟ್ಯಾಂಕು ಪೂರ್ತಿ ನಮಗೆ ಇರಲಿ. ಉಳಿದದ್ದು ಇನ್ನೂ ಎಳೆಯದು, ಮಳೆಗಾಲ ಕಳೆದ ಮೇಲೆ ಬಂದು ನೋಡ್ತೇನೆ. ಬಳ್ಳಿ ಕೀಳಬೇಡಿ."

ನಮ್ಮನೆಯವರು ಅವನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಅತ್ತೆ "ಊಟ ಮಾಡಿಕ್ಕೇ ಹೋಗವು, ಉಗುಳಲಾಗ" ಎಂದು ಅವನಿಗೆ ಹೇಳಿ, ಅಲ್ಲೇ ಜಗಲಿಯಲ್ಲಿ ಚಾಪೆಯ ಮೇಲೆ ಒರಗಿದವರು ಎದ್ದದ್ದು ಮರುದಿನವೇ.

ಬೆಳಿಗ್ಗೆ ಕಷಾಯ ಹಿಡಿದು ಹೋದರೆ, ನೋಯುವ ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿದ್ದರು. ನನ್ನನ್ನು ಹತ್ತಿರ ಕರೆದು, ಬಹಳ ಮೆಲ್ಲಗೆ ಅಂದರು:

"ಕೂಸೇ, ಆ ಮಾಣಿ ನಿನ್ನೆ ಎಂತಕೆ ಉಗುಳ್ತಿದ್ದ ಹೇಳಿ ಈಗ ಗೊತ್ತಾತು ನೋಡು."